ಅಪ್ಪನ ಡೆಬಿಟ್ ಕಾರ್ಡ್‌ನಿಂದ ₹46,100 ಹೋಗಿದೆ, ಬ್ಯಾಂಕ್ ₹16,900 ಮಾತ್ರ ಕೊಟ್ಟಿದೆ. ಈ ಲೆಕ್ಕ ಸರೀನಾ?

ತಿಪಟೂರು_ತೆಂಗು · 11 ಸೆಪ್ಟೆಂಬರ್ 2025

ಅಪ್ಪ ನಿವೃತ್ತ ಮೇಷ್ಟ್ರು. ಪಿಂಚಣಿ ಬರುವ ಉಳಿತಾಯ ಖಾತೆ ಊರಿನ ಶಾಖೆಯಲ್ಲೇ ಇದೆ. ಬ್ಯಾಂಕಿನ ಹೆಸರು ಬೇಡ, ಎಲ್ಲರಿಗೂ ಗೊತ್ತಿರುವ ದೊಡ್ಡ ಬ್ಯಾಂಕೇ.

ಆಗಸ್ಟ್ 22, ಶುಕ್ರವಾರ ರಾತ್ರಿ ಮೂರು ಮೆಸೇಜ್ ಬಂದಿವೆ. ₹18,450, ಮತ್ತೆ ₹18,450, ಆಮೇಲೆ ₹9,200. ಯಾವುದೋ ವಿದೇಶಿ ವೆಬ್‌ಸೈಟಿನ ಹೆಸರು. ಒಟಿಪಿ ಒಂದೂ ಬಂದಿಲ್ಲ. ಕಾರ್ಡ್ ಬೀರುವಿನಲ್ಲೇ ಇತ್ತು. ಅಪ್ಪ ಆ ಕಾರ್ಡನ್ನು ಊರಿನ ಎಟಿಎಂ ಬಿಟ್ಟು ಬೇರೆಲ್ಲೂ ಬಳಸುವವರಲ್ಲ. ಮೊಬೈಲ್ ಮೆಸೇಜ್ ನೋಡುವ ಅಭ್ಯಾಸವೂ ಅವರಿಗಿಲ್ಲ.

ಗೌರಿ ಗಣೇಶ ಹಬ್ಬಕ್ಕೆ ನಾನು ಊರಿಗೆ ಹೋಗಿದ್ದೆ. ಚೌತಿಯ ಮಾರನೇ ದಿನ, 28ರ ಗುರುವಾರ ಬೆಳಿಗ್ಗೆ, ಅವರ ಫೋನ್‌ನಲ್ಲಿ ಈ ಮೆಸೇಜ್‌ಗಳನ್ನು ನೋಡಿದೆ. ಕೂಡಲೇ ಟೋಲ್ ಫ್ರೀಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಹೇಳಿದೆ. ಮಧ್ಯಾಹ್ನದೊಳಗೆ ಶಾಖೆಯಲ್ಲಿ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆವು.

ನಿನ್ನೆ ಖಾತೆಗೆ ₹16,900 ಬಂದಿದೆ. ಜೊತೆಗೆ ಒಂದು ಪತ್ರ: ಗ್ರಾಹಕರು 6 ದಿನಗಳ ನಂತರ ವರದಿ ಮಾಡಿದ್ದಾರೆ, ಸೀಮಿತ ಹೊಣೆಗಾರಿಕೆ ಅನ್ವಯಿಸುತ್ತದೆ, ಉಳಿದ ₹29,200 ಗ್ರಾಹಕರ ಪಾಲು. ಮ್ಯಾನೇಜರ್ ಬಾಯಿ ಮಾತಿನಲ್ಲಿ ಹೇಳಿದ್ದು ಇನ್ನೂ ಜೋರಾಗಿತ್ತು: ಕಾರ್ಡಿನ ನಂಬರ್ ನಿಮ್ಮಪ್ಪನೇ ಯಾರಿಗೋ ಕೊಟ್ಟಿರುತ್ತಾರೆ.

ಈ ₹16,900 ಎಲ್ಲಿಂದ ಬಂತು? ಯಾರಿಗಾದರೂ ಗೊತ್ತಾ?

ಮೆಜೆಸ್ಟಿಕ್_ಪ್ಲಾಟ್‌ಫಾರ್ಮ್

ಬಂದಷ್ಟು ಬಂತು ಅಂತ ಸುಮ್ನೆ ಇದ್ದುಬಿಡಿ ಸಾರ್. ನನಗೆ ಅಷ್ಟೂ ಬರಲಿಲ್ಲ.

ನಿವೃತ್ತ_ಕೌಂಟರ್

ನಾನು ಬ್ಯಾಂಕಿನಲ್ಲಿ ಜೀವಮಾನ ಕಳೆದು ಹೊರಬಂದವನು. ಲೆಕ್ಕ ಬಿಡಿಸಿ ಹೇಳುತ್ತೇನೆ.

2017ರ ಜುಲೈ 6ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕನ ಒಪ್ಪಿಗೆ ಇಲ್ಲದೆ ನಡೆದ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ಯಾರ ಹೊಣೆ ಎಷ್ಟು ಎಂದು ಹೇಳುವುದು ಅದೇ. ಕರಡು ಬಂದದ್ದು 2016ರ ಆಗಸ್ಟ್‌ನಲ್ಲಿ. ಅದಾಗಿ ಎರಡೇ ತಿಂಗಳಿಗೆ, ಎಟಿಎಂ ಸೇವೆ ಕೊಡುವ ಕಂಪನಿಯೊಂದರ ಸಿಸ್ಟಂಗೆ ಮಾಲ್‌ವೇರ್ ಹೊಕ್ಕು, ದೇಶದಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್‌ಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತ್ತು ಅನ್ನುವ ಸುದ್ದಿ ಬಂತು. ಆ ವರ್ಷ ಕೌಂಟರ್‌ನಲ್ಲಿ ಕೂತಿದ್ದವರಿಗೆ ಮಾತ್ರ ಗೊತ್ತು, ದಿನಾ ಎಷ್ಟು ಜನರ ಕಾರ್ಡ್ ಬದಲಿಸಿದೆವು ಅಂತ.

ಸುತ್ತೋಲೆ ಮೂರು ಸಂದರ್ಭ ಹೇಳುತ್ತದೆ. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕನಿಗೆ ಒಂದು ರೂಪಾಯಿಯೂ ಹೊಣೆ ಇಲ್ಲ, ಆತ ವರದಿ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ, ನಡುವೆ ವ್ಯವಸ್ಥೆಯಲ್ಲಿ ಎಲ್ಲೋ ಆಗಿದೆ ಅಂದರೆ, ಬ್ಯಾಂಕಿನ ಮೆಸೇಜ್ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದವರಿಗೂ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನ ಆದರೆ ಒಂದು ಮಿತಿ. ಮಾಮೂಲಿ ಉಳಿತಾಯ ಖಾತೆಗೆ ಆ ಮಿತಿ ₹10,000. ಜನಧನದಂಥ ಮೂಲ ಉಳಿತಾಯ ಖಾತೆಗೆ ₹5,000. 7 ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಏನು ಹೇಳುತ್ತದೋ ಅದು. ಮೂರನೆಯದು, ಗ್ರಾಹಕನೇ ಪಿನ್ ಅಥವಾ ಒಟಿಪಿ ಕೊಟ್ಟ ಸಂದರ್ಭ. ಆಗ ವರದಿ ಮಾಡುವವರೆಗಿನ ನಷ್ಟ ಪೂರ್ತಿ ಅವನದು.

ನಿಮಗೆ ಎರಡನೆಯ ಸಂದರ್ಭದ 4ರಿಂದ 7 ದಿನದ ಸಾಲು ಹಾಕಿದ್ದಾರೆ. ಆ ₹10,000 ಮಿತಿ ಒಂದೊಂದು ವಹಿವಾಟಿಗೆ. ವಹಿವಾಟಿನ ಮೊತ್ತವೇ ಕಡಿಮೆ ಇದ್ದರೆ ಆ ಮೊತ್ತ. ಹಾಗಾಗಿ 10,000 + 10,000 + 9,200. ಒಟ್ಟು ₹29,200 ಅಪ್ಪನ ತಲೆಗೆ. ಮಿಕ್ಕಿದ್ದು ₹16,900. ಕೂಡಿಸುವ ಲೆಕ್ಕ ಸರಿಯಾಗೇ ಇದೆ.

ಕರಿಕೋಟು

ಕೂಡಿಸಿದ್ದು ಸರಿ. ದಿನ ಎಣಿಸಿದ್ದು ತಪ್ಪು.

ಸುತ್ತೋಲೆಯಲ್ಲಿ ಇರುವುದು ಕೆಲಸದ ದಿನ. ಯಾವ ಕೆಲಸದ ದಿನ? ಗ್ರಾಹಕನ ಖಾತೆ ಇರುವ ಶಾಖೆಯ ಕೆಲಸದ ದಿನ. ಮೆಸೇಜ್ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಇದು ನನ್ನ ವ್ಯಾಖ್ಯಾನ ಅಲ್ಲ, ಸುತ್ತೋಲೆಯಲ್ಲೇ ಇದೆ.

ಈಗ ಎಣಿಸಿ. 22 ಶುಕ್ರವಾರ ಮೆಸೇಜ್ ಬಂತು, ಬಿಟ್ಟೆವು. 23 ನಾಲ್ಕನೇ ಶನಿವಾರ, ರಜೆ. 24 ಭಾನುವಾರ. 25 ಸೋಮವಾರ, ಒಂದು. 26 ಮಂಗಳವಾರ ಗೌರಿ ಹಬ್ಬ, ಬ್ಯಾಂಕ್ ಇತ್ತು, ಎರಡು. 27 ಬುಧವಾರ ಗಣೇಶ ಚತುರ್ಥಿ, ರಜೆ. 28 ಗುರುವಾರ, ಮೂರು.

ನೀವು ತಿಳಿಸಿದ್ದು ಮೂರನೇ ಕೆಲಸದ ದಿನ. ಹೊಣೆ ಸೊನ್ನೆ. ಪೂರ್ತಿ ₹46,100 ಬರಬೇಕು.

ನಿವೃತ್ತ_ಕೌಂಟರ್

ಅಯ್ಯೋ, ಹೌದಲ್ವಾ! ಕ್ಯಾಲೆಂಡರ್ ತೆಗೆದು ನೋಡಿದೆ. ಕರಿಕೋಟು ವಕೀಲರು ಹೇಳಿದ್ದು ಸರಿ.

ಇದು ಹೇಗಾಗುತ್ತದೆ ಗೊತ್ತಾ? ಈ ಅರ್ಜಿಗಳನ್ನು ನಿಮ್ಮೂರಿನ ಶಾಖೆ ತೀರ್ಮಾನ ಮಾಡುವುದಿಲ್ಲ. ಮುಂಬೈ ಅಥವಾ ಚೆನ್ನೈನಲ್ಲಿರುವ ಯಾವುದೋ ಕೇಂದ್ರ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕೂತವರಿಗೆ ತಿಪಟೂರಿನಲ್ಲಿ ಯಾವತ್ತು ರಜೆ ಇತ್ತು ಅನ್ನುವ ಯೋಚನೆ ಬರುವುದಿಲ್ಲ. 28ರಲ್ಲಿ 22 ಕಳೆದರೆ 6. ಮುಗೀತು. ಮ್ಯಾನೇಜರ್‌ಗೆ ಬೈಯಬೇಡಿ, ಅವರ ಕೈಯಲ್ಲಿ ಪತ್ರ ಕೊಡುವುದಷ್ಟೇ ಇರುತ್ತದೆ. ಆದರೆ ನಿಮ್ಮಪ್ಪನೇ ನಂಬರ್ ಕೊಟ್ಟಿರುತ್ತಾರೆ ಅಂದರಲ್ಲ, ಅದಕ್ಕೆ ಬೈಬಹುದು.

ಬಿಸಿಲ_ನಾಡು

ಒಟಿಪಿ ಇಲ್ಲದೆ ದುಡ್ಡು ಹೋಗುವುದು ಹೇಗ್ರೀ? ನನಗೆ ₹200 ರೀಚಾರ್ಜ್ ಮಾಡಲಿಕ್ಕೂ ಒಟಿಪಿ ಕೇಳುತ್ತದೆ.

ನಿವೃತ್ತ_ಕೌಂಟರ್

ನಮ್ಮ ದೇಶದ ಅಂಗಡಿಗಳಿಗೆ ಅದು ಕಡ್ಡಾಯ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಹಂತದ ದೃಢೀಕರಣ ಬೇಕು ಅಂತ 2009ರ ಆಗಸ್ಟ್‌ನಿಂದಲೇ ಇದೆ. ವಿದೇಶದ ವೆಬ್‌ಸೈಟ್‌ಗಳು ಆ ನಿಯಮದ ಕೆಳಗೆ ಬರುವುದಿಲ್ಲ. ಅಲ್ಲಿ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ ಇದ್ದರೆ ಸಾಕು. ಕೆಲವು ಕಡೆ ಆ ಮೂರು ಅಂಕಿಯೂ ಬೇಡ.

ಅದಕ್ಕೇ ನನಗೆ ಇನ್ನೊಂದು ವಿಷಯ ತಲೆಗೆ ಹೊಳೆಯಿತು. ತಿಪಟೂರಿನವರೇ, ಅಪ್ಪನ ಕಾರ್ಡ್ ಯಾವಾಗ ಕೊಟ್ಟಿದ್ದು? ವಿದೇಶಿ ಬಳಕೆ ಅನ್ನುವ ಸ್ವಿಚ್ ಅವರು ಯಾವಾಗಲಾದರೂ ಆನ್ ಮಾಡಿದ್ದರಾ?

ತಿಪಟೂರು_ತೆಂಗು

ಹಳೇ ಕಾರ್ಡ್ ಅವಧಿ ಮುಗಿದು 2022ರಲ್ಲಿ ಹೊಸದು ಬಂತು. ಅಪ್ಪನ ಫೋನ್‌ನಲ್ಲಿ ಬ್ಯಾಂಕಿನ ಆ್ಯಪೇ ಇಲ್ಲ. ನೆಟ್ ಬ್ಯಾಂಕಿಂಗ್ ಕೂಡ ತೆಗೆದುಕೊಂಡಿಲ್ಲ. ಸ್ವಿಚ್ ಅಂದರೆ ಅವರಿಗೆ ಪಂಪ್‌ಸೆಟ್ಟಿಂದು ಮಾತ್ರ ಗೊತ್ತು.

ನಿವೃತ್ತ_ಕೌಂಟರ್

ಹಾಗಾದರೆ ದಿನ ಎಣಿಸುವ ಜಗಳವೇ ಬೇಡ. ಅದಕ್ಕಿಂತ ಗಟ್ಟಿ ವಿಷಯ ನಿಮ್ಮ ಕೈಯಲ್ಲಿದೆ.

2020ರ ಜನವರಿ 15ರಂದು ಆರ್‌ಬಿಐ ಇನ್ನೊಂದು ಸುತ್ತೋಲೆ ತಂದಿತು. ಕೊರೊನಾ ಕಾರಣಕ್ಕೆ ಜಾರಿ ಮುಂದಕ್ಕೆ ಹೋಗಿ ಅಕ್ಟೋಬರ್ ಹೊತ್ತಿಗೆ ಬಂತು. ಅದರ ಪ್ರಕಾರ ಹೊಸ ಕಾರ್ಡ್ ಕೊಡುವಾಗ, ಹಳೆಯದನ್ನು ಬದಲಿಸಿ ಕೊಡುವಾಗಲೂ, ಅದು ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಮೆಷಿನ್‌ಗೆ ಮಾತ್ರ ನಡೆಯುವಂತಿರಬೇಕು. ಆನ್‌ಲೈನ್, ವಿದೇಶಿ, ತಾಗಿಸಿ ಪಾವತಿ, ಈ ಮೂರೂ ಆಫ್ ಆಗಿರಬೇಕು. ಬೇಕಾದರೆ ಗ್ರಾಹಕನೇ ಆನ್ ಮಾಡಿಕೊಳ್ಳಬೇಕು.

ನಿಮ್ಮಪ್ಪನ ಕಾರ್ಡ್ 2022ರದ್ದು. ಹುಟ್ಟಿದಾಗಲೇ ಆಫ್ ಆಗಿರಬೇಕಾದ ಕಾರ್ಡಿನಲ್ಲಿ ವಿದೇಶಿ ಆನ್‌ಲೈನ್ ಪಾವತಿ ಹೇಗೆ ನಡೆಯಿತು? ಯಾರು ಆನ್ ಮಾಡಿದರು, ಯಾವ ದಿನ, ಯಾವ ದಾರಿಯಿಂದ? ಎಟಿಎಂನಿಂದಲೋ, ಆ್ಯಪ್‌ನಿಂದಲೋ, ಶಾಖೆಯಿಂದಲೋ? ಬ್ಯಾಂಕಿನ ಸಿಸ್ಟಂನಲ್ಲಿ ಪ್ರತಿಯೊಂದಕ್ಕೂ ದಾಖಲೆ ಇರುತ್ತದೆ. ಲಿಖಿತವಾಗಿ ಕೇಳಿ.

ಉತ್ತರ ಕೊಡಲಾಗದಿದ್ದರೆ ಇದು ನಡುವೆ ಎಲ್ಲೋ ಆದ ತಪ್ಪಲ್ಲ, ಬ್ಯಾಂಕಿನದೇ ಲೋಪ. ಆಗ ಮೂರು ದಿನ, ಆರು ದಿನ ಅನ್ನುವ ಮಾತೇ ಬರುವುದಿಲ್ಲ.

ಕರಿಕೋಟು

ಇದಕ್ಕೊಂದು ಸಾಲು ಸೇರಿಸುತ್ತೇನೆ. ಗ್ರಾಹಕನದೇ ತಪ್ಪು ಎಂದು ತೋರಿಸುವ ಭಾರ ಬ್ಯಾಂಕಿನ ಮೇಲಿದೆ. 2017ರ ಸುತ್ತೋಲೆಯಲ್ಲಿ ಎಲ್ಲಕ್ಕಿಂತ ತೂಕದ ಮಾತು ಇದೇ, ಜನ ಓದದೇ ಬಿಡುವುದೂ ಇದನ್ನೇ. ಎಲ್ಲರೂ ತಾವು ತಪ್ಪು ಮಾಡಿಲ್ಲ ಅಂತ ಅಫಿಡವಿಟ್ ಬರೆಯಲು ಓಡುತ್ತಾರೆ. ಬ್ಯಾಂಕು ಕೂತು ಕೇಳುತ್ತದೆ. ನಡೆಯಬೇಕಾದ್ದು ಉಲ್ಟಾ.

ಮೆಸೇಜ್ ನೋಡಲಿಲ್ಲ ಅನ್ನುವುದನ್ನು ಬ್ಯಾಂಕ್ ಎತ್ತಿದರೆ ಕೇರಳ ಹೈಕೋರ್ಟಿನ 2019ರ ತೀರ್ಪು ಇದೆ. ಗ್ರಾಹಕರೊಬ್ಬರ ಖಾತೆಯಿಂದ ವಿದೇಶದ ಎಟಿಎಂಗಳಲ್ಲಿ ಹಣ ತೆಗೆದಿದ್ದರು. ಎಸ್‌ಎಂಎಸ್ ಕಳಿಸಿದ್ದೆವು, ಅವರು ಕಾರ್ಡ್ ಬ್ಲಾಕ್ ಮಾಡಿಸಲಿಲ್ಲ ಅಂತ ಬ್ಯಾಂಕ್ ವಾದಿಸಿತು. ಎಸ್‌ಎಂಎಸ್‌ಗೆ ಪ್ರತಿಕ್ರಿಯಿಸಲಿಲ್ಲ ಅಂದ ಮಾತ್ರಕ್ಕೆ ಬ್ಯಾಂಕಿನ ಹೊಣೆ ಹೋಗುವುದಿಲ್ಲ ಅಂದಿತು ಕೋರ್ಟ್. ಆಗಾಗ ಎಸ್‌ಎಂಎಸ್ ನೋಡುವ ಅಭ್ಯಾಸ ಇಲ್ಲದ ಖಾತೆದಾರರೂ ಇರುತ್ತಾರೆ ಅನ್ನುವುದನ್ನೂ ಗಮನಿಸಿತು. ಮೇಷ್ಟ್ರಿಗೆ ಅಳತೆ ತೆಗೆದು ಹೊಲಿದ ಹಾಗಿದೆ.

ಬಿಸಿಲ_ನಾಡು

ಮೇಷ್ಟ್ರದು ಸ್ವಚ್ಛ ಕೇಸ್ ಬಿಡಿ. ನಮ್ಮ ಕಡೆ ಹಾಗಿರುವುದಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ. ಎಟಿಎಂ ಹತ್ತಿರ ಹೋಗಿ ಪಕ್ಕದ ಮನೆ ಹುಡುಗನ ಕೈಗೆ ಕಾರ್ಡ್ ಕೊಡುತ್ತಾಳೆ. ಪಿನ್ ಕಾರ್ಡಿನ ಕವರ್ ಮೇಲೇ ಬರೆದಿರುತ್ತದೆ. ಊರ ತುಂಬ ಹೀಗೇ ನಡೆಯುವುದು. ಅಂಥವರ ದುಡ್ಡು ಹೋದರೆ?

ಕರಿಕೋಟು

ಕಷ್ಟ. ಬೆಂಗಳೂರಿನದೇ ಒಂದು ಪ್ರಕರಣ ಹೇಳುತ್ತೇನೆ. 2013ರ ನವೆಂಬರ್. ಮಾರತ್ತಹಳ್ಳಿ ಕಡೆಯ ಒಬ್ಬ ಬಾಣಂತಿ ಮನೆಯಿಂದ ಹೊರಬರಲಾಗದೆ ಗಂಡನಿಗೆ ಕಾರ್ಡ್, ಪಿನ್ ಕೊಟ್ಟು ₹25,000 ತರಲು ಕಳಿಸಿದರು. ಎಟಿಎಂನಿಂದ ಚೀಟಿ ಬಂತು, ಹಣ ಬರಲಿಲ್ಲ. ಖಾತೆಯಲ್ಲಿ ಮಾತ್ರ ಕಡಿತ. ಗ್ರಾಹಕರ ವೇದಿಕೆಗೆ ಹೋದರು. ಸಿಸಿಟಿವಿ ದೃಶ್ಯದಲ್ಲಿ ಖಾತೆದಾರರು ಕಾಣುವುದಿಲ್ಲ, ಕಾರ್ಡ್ ಬೇರೆಯವರಿಗೆ ಕೊಡುವ ಹಾಗಿಲ್ಲ, ಪಿನ್ ಹಂಚಿಕೊಂಡಿದ್ದಾರೆ ಅಂದಿತು ಬ್ಯಾಂಕು. 2018ರ ಮೇ ತಿಂಗಳಲ್ಲಿ ತೀರ್ಪು ಬ್ಯಾಂಕಿನ ಪರ ಬಂತು. ಗಂಡನೇ ಆದರೂ ಬೇರೆಯವನೇ.

ಮೆಜೆಸ್ಟಿಕ್_ಪ್ಲಾಟ್‌ಫಾರ್ಮ್

ನೋಡಿದ್ರಾ? ಎಟಿಎಂ ದುಡ್ಡು ಕೊಡಲಿಲ್ಲ. ಅದಕ್ಕೂ ಪಿನ್ ಯಾರು ಒತ್ತಿದರು ಅನ್ನುವುದಕ್ಕೂ ಏನು ಸಂಬಂಧ? ಗಂಡ ಒತ್ತಿದರೆ ಮೆಷಿನ್ ನೋಟು ನುಂಗಿಬಿಡುತ್ತಾ?

ನಿವೃತ್ತ_ಕೌಂಟರ್

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನನಗೂ ಆ ತೀರ್ಪು ಓದಿ ಕಸಿವಿಸಿ ಆಗಿತ್ತು. ಈಗ ಆದರೆ ಅಂಥ ಪ್ರಕರಣ ಬೇರೆ ದಾರಿ ಹಿಡಿಯಬಹುದು. ಹಣ ಬಾರದೆ ಖಾತೆಯಲ್ಲಿ ಕಡಿತವಾದರೆ 5 ದಿನದೊಳಗೆ ಬ್ಯಾಂಕು ತಾನಾಗೇ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ಬಂತು. ಅದು ವಿಫಲ ವಹಿವಾಟಿನ ನಿಯಮ, ಕದ್ದದ್ದರದ್ದಲ್ಲ. ಎರಡನ್ನೂ ಕಲಸಬೇಡಿ. ಅರ್ಜಿಯಲ್ಲಿ ತಪ್ಪು ಶೀರ್ಷಿಕೆ ಹಾಕಿದರೆ ಅದು ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ಬಿಸಿಲ ನಾಡಿನವರೇ, ಅವ್ವನ ವಿಷಯ. ಪಿನ್ ಕೊಟ್ಟಿದ್ದರೂ ಒಂದು ರಕ್ಷಣೆ ಉಳಿದಿದೆ. ಬ್ಯಾಂಕಿಗೆ ತಿಳಿಸಿದ ನಿಮಿಷದಿಂದ ಮುಂದಿನ ನಷ್ಟ ಬ್ಯಾಂಕಿನದು. ಬೆಳಿಗ್ಗೆ 10ಕ್ಕೆ ಒಂದು ಕಂತು ಹೋಗಿ, 10:20ಕ್ಕೆ ನೀವು ಫೋನ್ ಮಾಡಿ, 11ಕ್ಕೆ ಇನ್ನೊಂದು ಹೋದರೆ ಎರಡನೆಯದು ಬ್ಯಾಂಕ್ ಕಟ್ಟಿಕೊಡಬೇಕು. ಅದಕ್ಕೇ ಫೋನ್ ಮಾಡಿದ ಸಮಯ ಮತ್ತು ದೂರಿನ ನಂಬರ್ ಬರೆದಿಟ್ಟುಕೊಳ್ಳಿ ಅಂತ ಬಾಯಿ ಬಡಿದುಕೊಳ್ಳುವುದು. ಇನ್ನೊಂದು, ಗ್ರಾಹಕನ ತಪ್ಪಿದ್ದರೂ ಹೊಣೆ ಮನ್ನಾ ಮಾಡುವ ಅಧಿಕಾರ ಬ್ಯಾಂಕಿಗೆ ಇದೆ. ಮಾಡುತ್ತಾರಾ ಅಂತ ಕೇಳಬೇಡಿ.

ಶಿರಸಿ_ಅಡಿಕೆ

ಒಟಿಪಿ ಹಾಕಿ ಆಗಿದೆ ಅಂದ ಕೂಡಲೇ ಗ್ರಾಹಕನೇ ಕೊಟ್ಟಿದ್ದಾನೆ ಅಂತ ಆಗಿಬಿಡುತ್ತಾ? ಫೋನ್‌ಗೆ ಏನೋ ಆ್ಯಪ್ ಹಾಕಿಸಿ ದೂರದಿಂದಲೇ ಮೆಸೇಜ್ ಓದುತ್ತಾರಲ್ಲ. ಸಿಮ್ ಬದಲಿಸಿ ಬೇರೆ ಫೋನ್‌ಗೆ ತರಿಸಿಕೊಳ್ಳುತ್ತಾರೆ.

ಕರಿಕೋಟು

ಆಗಿಬಿಡುವುದಿಲ್ಲ. ಒಟಿಪಿ ನಮೂದಾಗಿದೆ ಅನ್ನುವುದು ಸಿಸ್ಟಂ ಹೇಳುವ ಮಾತು. ಗ್ರಾಹಕ ಕೊಟ್ಟ ಅನ್ನುವುದು ಬ್ಯಾಂಕಿನ ಊಹೆ. ನಡುವಿನ ಅಂತರವನ್ನು ಬ್ಯಾಂಕ್ ತುಂಬಬೇಕು.

ಈ ವರ್ಷ ಜನವರಿ 3ರಂದು ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ ಗುವಾಹಟಿ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಮೊತ್ತ ₹94,204. ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆ ವಾಪಸ್ ಮಾಡಲು ಹೊರಟಿದ್ದ ಗ್ರಾಹಕರಿಗೆ ಅಂಗಡಿಯವರಂತೆ ಮಾತಾಡಿ ವಂಚಕ ಆ್ಯಪ್ ಹಾಕಿಸಿದ್ದ. ಗ್ರಾಹಕರು 24 ಗಂಟೆಯೊಳಗೆ ದೂರು ಕೊಟ್ಟಿದ್ದರು. ಒಟಿಪಿ ಹಂಚಿಕೊಂಡಿದ್ದಾರೆ ಅಂತ ಬ್ಯಾಂಕ್ ವಾದಿಸಿತು, ಗೆಲ್ಲಲಿಲ್ಲ. ಒಟಿಪಿ ಯಾರಿಗೂ ಕೊಡಬೇಡಿ, ಗ್ರಾಹಕರೂ ಎಚ್ಚರವಾಗಿರಬೇಕು ಅಂತ ಅದೇ ಕೋರ್ಟ್ ಹೇಳಿತು ಕೂಡ. ಹಾಗಾಗಿ ಇದನ್ನು ಹಿಡಿದುಕೊಂಡು ಎಲ್ಲ ಕೇಸ್ ಗೆಲ್ಲಬಹುದು ಅಂದುಕೊಳ್ಳಬೇಡಿ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿದಾಗ ನಾವೇ ಕೂತು ಹಣ ಕಳಿಸಿದರೆ ಅದು ಅನಧಿಕೃತ ವಹಿವಾಟು ಅಂತ ವಾದಿಸುವುದೇ ಕಷ್ಟ. ಅಲ್ಲಿ ಈ ಸುತ್ತೋಲೆ ಹೆಚ್ಚು ಕೈ ಹಿಡಿಯುವುದಿಲ್ಲ. 1930ಕ್ಕೆ ಬೇಗ ಹೇಳಿ, ಹಣ ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲೇ ತಡೆ ಹಾಕಿಸುವುದೇ ದಾರಿ. ತಡೆ ಬಿದ್ದ ಹಣವನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕಾಗಬಹುದು.

ಕಡಲ_ಕರೆ

ನಮ್ಮ ಮಂಗಳೂರಿನ ಕತೆ ಯಾರೂ ಹೇಳಲಿಲ್ಲವಾ? 2023ರಲ್ಲಿ ಇಲ್ಲಿ ಕಾರ್ಡೂ ಬೇಡ, ಒಟಿಪಿಯೂ ಬೇಡ, ಬೆರಳೇ ಸಾಕು ಅನ್ನುವ ಹಾಗಾಗಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಯಿಂದ ಸ್ವಲ್ಪ ದಿನದಲ್ಲೇ ₹10,000 ಹೋಗುತ್ತಿತ್ತು. ಬೆಂಗಳೂರಿನಲ್ಲೂ ಆಯಿತು. ಕ್ರಯಪತ್ರದ ಪ್ರತಿಯಲ್ಲಿ ಬೆರಳಚ್ಚೂ ಇರುತ್ತದೆ, ಆಧಾರ್ ನಂಬರೂ ಇರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಅದನ್ನು ಇಳಿಸಿಕೊಂಡು, ಬೆರಳಚ್ಚಿನ ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಎತ್ತಿದ್ದಾರೆ ಅಂತ ತನಿಖೆಯಲ್ಲಿ ಬಂತು. ಮಂಗಳೂರು ಪೊಲೀಸರು ಬಿಹಾರಕ್ಕೆ ಹೋಗಿ ಆರೋಪಿಗಳನ್ನು ಹಿಡಿದು ತಂದರು. ಆಮೇಲೆ ದಾಖಲೆಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಬಂತು.

ನಮ್ಮ ಚಿಕ್ಕಮ್ಮನದೂ ಹೋಗಿತ್ತು. ಬ್ಯಾಂಕಿನಲ್ಲಿ ಕೇಳಿದರೆ, ನಿಮ್ಮ ಬೆರಳು ಒತ್ತಿದೆಯಲ್ಲ ಅಮ್ಮ, ಅಂದರು. ಅವರು ಆ ಹೊತ್ತಿನಲ್ಲಿ ಮನೆಯಲ್ಲಿ ಮೀನು ಕೊಯ್ಯುತ್ತಿದ್ದರು.

ಕರಿಕೋಟು

ನಡುವೆ ಎಲ್ಲೋ ಆದ ತಪ್ಪು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಬೆರಳಚ್ಚು ಸರ್ಕಾರಿ ದಾಖಲೆಯಿಂದ ಹೋಯಿತು. ಗ್ರಾಹಕ ಏನೂ ಮಾಡಿಲ್ಲ, ಬ್ಯಾಂಕೂ ಏನೂ ಮಾಡಿಲ್ಲ. ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಸೊನ್ನೆ. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ಮಾತ್ರ ತೆಗೆಯಿರಿ.

ಎಡಿಸನ್_ಕನ್ನಡಿಗ

ಇಲ್ಲಿ ನ್ಯೂಜೆರ್ಸಿಯಲ್ಲಿ ಕೂತು ಓದುತ್ತಿದ್ದೇನೆ. ಅಮೆರಿಕದಲ್ಲಿ ಡೆಬಿಟ್ ಕಾರ್ಡ್‌ಗೆ ಇಂಥದೇ ಮೆಟ್ಟಿಲು ಇದೆ. ಕಾರ್ಡ್ ಕಳೆದದ್ದು ಗೊತ್ತಾಗಿ ಎರಡು ಕೆಲಸದ ದಿನದೊಳಗೆ ತಿಳಿಸಿದರೆ ಹೆಚ್ಚೆಂದರೆ 50 ಡಾಲರ್ ನಮ್ಮ ಪಾಲು. ಆಮೇಲೆ 500 ಡಾಲರ್‌ವರೆಗೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನ ದಾಟಿದ ಮೇಲೆ ಆದ ನಷ್ಟಕ್ಕೆ ಮಿತಿಯೇ ಇಲ್ಲ. ಒಂದು ವ್ಯತ್ಯಾಸ: ಪಿನ್ ಅನ್ನು ಕಾರ್ಡ್ ಮೇಲೇ ಬರೆದಿಟ್ಟರೂ ಅದೊಂದೇ ಕಾರಣಕ್ಕೆ ಇಲ್ಲಿ ಗ್ರಾಹಕನ ಹೊಣೆ ಹೆಚ್ಚಾಗುವುದಿಲ್ಲ. ಬಿಸಿಲ ನಾಡಿನವರ ಅವ್ವ ಇಲ್ಲಿದ್ದಿದ್ದರೆ ಸ್ವಲ್ಪ ನಿರಾಳವಾಗಿರುತ್ತಿದ್ದರು.

ಬಿಸಿಲ_ನಾಡು

ಅವ್ವ ಅಲ್ಲಿಗೆ ಬಂದರೆ ಚಳಿಗೇ ಸಾಯುತ್ತಾಳೆ ಬಿಡಿ.

ತಿಪಟೂರು_ತೆಂಗು · 26 ಸೆಪ್ಟೆಂಬರ್ 2025

ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಎರಡು ಪ್ರಶ್ನೆ ಬರೆದು ಕೊಟ್ಟಿದ್ದೆವು. ಒಂದು, ಕೆಲಸದ ದಿನ ಎಣಿಸಿ ತೋರಿಸಿ. ಎರಡು, ವಿದೇಶಿ ಆನ್‌ಲೈನ್ ಸೌಲಭ್ಯ ಯಾರು, ಯಾವಾಗ ಆನ್ ಮಾಡಿದರು, ದಾಖಲೆ ಕೊಡಿ.

ಮೊದಲನೆಯದಕ್ಕೆ ಉತ್ತರವೇ ಇಲ್ಲ. ಎರಡನೆಯದಕ್ಕೆ ಇಮೇಲ್ ಬಂದಿದೆ. ಅದರಲ್ಲಿ ಹೀಗಿದೆ: ಸದರಿ ಕಾರ್ಡಿಗೆ ಎಲ್ಲ ಸೌಲಭ್ಯಗಳೂ ವಿತರಣೆಯ ಸಮಯದಲ್ಲೇ ಸಕ್ರಿಯವಾಗಿದ್ದವು. ಆದ್ದರಿಂದ ವಹಿವಾಟು ಕ್ರಮಬದ್ಧವಾಗಿದೆ.

ಇದರ ಅರ್ಥ ನಾವು ಸೋತೆವು ಅಂತಲಾ?

ನಿವೃತ್ತ_ಕೌಂಟರ್

ಅಯ್ಯೋ ಮಾರಾಯ್ರೇ, ಆ ಇಮೇಲ್ ಡಿಲೀಟ್ ಮಾಡಬೇಡಿ! ಪ್ರಿಂಟ್ ತೆಗೆದು ಅಪ್ಪನ ಪಿಂಚಣಿ ಕಾಗದದ ಜೊತೆ ಇಡಿ.

ವಿತರಣೆಯ ಸಮಯದಲ್ಲಿ ಎಲ್ಲ ಸಕ್ರಿಯವಾಗಿತ್ತು ಅಂದರೆ ಏನರ್ಥ? 2020ರ ನಿಯಮದ ಪ್ರಕಾರ ಯಾವುದು ಆಫ್ ಆಗಿರಬೇಕಿತ್ತೋ ಅದನ್ನು ನಾವೇ ಆನ್ ಮಾಡಿ ಕೊಟ್ಟೆವು ಅಂತ ಬ್ಯಾಂಕೇ ಬರೆದುಕೊಟ್ಟಿದೆ. ಬರೆದವನಿಗೆ ಆ ಸುತ್ತೋಲೆ ಗೊತ್ತಿಲ್ಲ, ಅಷ್ಟೇ. ನಿಮಗೆ ಇದಕ್ಕಿಂತ ಸಾಕ್ಷಿ ಬೇಕಾ?

ಕರಿಕೋಟು

ಈಗ ಉದ್ದ ಕತೆ ಬರೆಯಬೇಡಿ. ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ಮುಖ್ಯ ನೋಡಲ್ ಅಧಿಕಾರಿಗೆ ಚಿಕ್ಕ ಪತ್ರ ಸಾಕು. ಹೀಗೆ ಬರೆಯಿರಿ:

"2025ರ ಆಗಸ್ಟ್ 22ರಂದು ನನ್ನ ಖಾತೆಯಲ್ಲಿ ನನ್ನ ಒಪ್ಪಿಗೆಯಿಲ್ಲದೆ ಒಟ್ಟು ₹46,100ರ ಮೂರು ವಿದೇಶಿ ಆನ್‌ಲೈನ್ ವಹಿವಾಟು ನಡೆದಿವೆ. ಆಗಸ್ಟ್ 28ರಂದು, ಅಂದರೆ ನನ್ನ ಶಾಖೆಯ ಮೂರನೇ ಕೆಲಸದ ದಿನ, ವರದಿ ಮಾಡಿದ್ದೇನೆ. 23, 24 ಮತ್ತು 27 ಶಾಖೆಗೆ ರಜೆ. ಕಾರ್ಡ್ ವಿತರಿಸುವಾಗಲೇ ವಿದೇಶಿ ಆನ್‌ಲೈನ್ ಸೌಲಭ್ಯ ಸಕ್ರಿಯವಾಗಿತ್ತು ಎಂದು ನಿಮ್ಮ ಇಮೇಲ್ ಒಪ್ಪಿಕೊಂಡಿದೆ. ಇದು ಆರ್‌ಬಿಐನ 2020ರ ಜನವರಿ 15ರ ಸುತ್ತೋಲೆಗೆ ವಿರುದ್ಧ. ಹೀಗಾಗಿ 2017ರ ಜುಲೈ 6ರ ಸುತ್ತೋಲೆಯಂತೆ ನನ್ನ ಹೊಣೆ ಶೂನ್ಯ. ಬಾಕಿ ₹29,200ನ್ನು ಆಗಸ್ಟ್ 22ರಿಂದಲೇ ಅನ್ವಯವಾಗುವಂತೆ ಜಮಾ ಮಾಡಿ."

ಇಮೇಲಿನ ಪ್ರತಿ, ಸೀಲ್ ಇರುವ ಅರ್ಜಿ, 1930ರ ದೂರಿನ ಸಂಖ್ಯೆ ಲಗತ್ತಿಸಿ. ಪೂರ್ತಿ ಕಾರ್ಡ್ ನಂಬರ್ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಕಳೆದುಕೊಂಡವರೇ ಆ ನಂಬರನ್ನು ಇನ್ನೂ ಹತ್ತು ಕಡೆ ಹಂಚುವುದು ನೋಡಿದ್ದೇನೆ.

ಶಿರಸಿ_ಅಡಿಕೆ

ಆಗಸ್ಟ್ 22ರಿಂದಲೇ ಅನ್ವಯ ಅಂತ ಯಾಕೆ?

ನಿವೃತ್ತ_ಕೌಂಟರ್

ಬಡ್ಡಿಗೆ. ಹಣ ಹೋದ ದಿನವೇ ವಾಪಸ್ ಬಂದ ಹಾಗೆ ಲೆಕ್ಕ ಹಿಡಿಯಬೇಕು ಅಂತ ನಿಯಮ ಇದೆ. ಮೊತ್ತ ಚಿಕ್ಕದು, ಆದರೆ ಹಕ್ಕಿನದು. ಮೇಷ್ಟ್ರಿಗೆ ಇದು ಖುಷಿಯಾಗುತ್ತದೆ, ನೋಡಿ.

ಮೆಜೆಸ್ಟಿಕ್_ಪ್ಲಾಟ್‌ಫಾರ್ಮ್

ಎಲ್ಲ ಕಾಗದದ ಮೇಲೆ ಚೆನ್ನಾಗಿದೆ. ಪತ್ರಕ್ಕೂ ಉತ್ತರ ಕೊಡದಿದ್ದರೆ ಏನು ಮಾಡ್ತೀರಿ? ನನ್ನ ವಿಷಯದಲ್ಲಿ ಸೈಬರ್ ಠಾಣೆಗೆ ಹೋಗಿ ಅಂದರು. ಅಲ್ಲಿ ಬ್ಯಾಂಕಿಗೆ ಹೋಗಿ ಅಂದರು. ಚೆಂಡಾಟ.

ಕರಿಕೋಟು

ಪೊಲೀಸರ ಕೆಲಸ ಕಳ್ಳನನ್ನು ಹುಡುಕುವುದು. ನಿಮ್ಮ ಖಾತೆಗೆ ಹಣ ವಾಪಸ್ ಹಾಕುವ ಹೊಣೆ ಬ್ಯಾಂಕಿನದು. ಕಳ್ಳ ಸಿಗುವವರೆಗೆ ಕಾಯಿರಿ ಅನ್ನುವ ಹಾಗಿಲ್ಲ. ನೀವು ತಿಳಿಸಿದ 10 ಕೆಲಸದ ದಿನದೊಳಗೆ ತಾತ್ಕಾಲಿಕ ಜಮಾ ಆಗಬೇಕು, 90 ದಿನದೊಳಗೆ ದೂರು ಇತ್ಯರ್ಥ ಆಗಬೇಕು. 90 ದಿನದಲ್ಲಿ ಹೊಣೆ ಯಾರದು ಅಂತ ತೀರ್ಮಾನ ಆಗದಿದ್ದರೂ ಬ್ಯಾಂಕು ಸುತ್ತೋಲೆಯ ಪ್ರಕಾರ ಪರಿಹಾರ ಕೊಡಬೇಕು.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಆರ್‌ಬಿಐನ ದೂರಿನ ಜಾಲತಾಣ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448. ಬೇಕಿದ್ದರೆ ಅಂಚೆಯಲ್ಲಿ ಚಂಡೀಗಢದ ಕೇಂದ್ರಕ್ಕೂ ಕಳಿಸಬಹುದು. 2021ರ ಯೋಜನೆಯಲ್ಲಿ ನಷ್ಟಕ್ಕೆ ₹20 ಲಕ್ಷದವರೆಗೆ, ಅಲೆದಾಟ ಮತ್ತು ಮಾನಸಿಕ ಹಿಂಸೆಗೆ ₹1 ಲಕ್ಷದವರೆಗೆ ಕೊಡಿಸುವ ಅಧಿಕಾರ ಅವರಿಗೆ ಕೊಟ್ಟಿದ್ದರು. ಅಲ್ಲಿಗೆ ವಕೀಲರ ಮೂಲಕ ದೂರು ಕೊಡುವ ಹಾಗಿಲ್ಲ, ನನ್ನಂಥವರಿಗೆ ನಷ್ಟ. ಮಗ ಅಪ್ಪನ ಪರವಾಗಿ ಅಧಿಕಾರ ಪತ್ರ ಇಟ್ಟುಕೊಂಡು ಹಾಕಬಹುದು.

ಅದೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಎರಡೂ ಕಡೆ ಒಟ್ಟಿಗೆ ಹೋಗಬೇಡಿ. ಆಯೋಗದಲ್ಲಿ ಪ್ರಕರಣ ಇದ್ದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.

ಮೆಜೆಸ್ಟಿಕ್_ಪ್ಲಾಟ್‌ಫಾರ್ಮ್

ನಾನು ಬ್ಯಾಂಕಿಗೆ ಬರೆದು ಕೊಟ್ಟೇ ಇಲ್ಲ. ಬರೀ ಫೋನ್‌ನಲ್ಲಿ ಮಾತಾಡಿದ್ದೆ. ಆಗಿ ಒಂದೂಕಾಲು ವರ್ಷ ಆಯ್ತು. ಈಗ ಬರೆದರೆ ಪ್ರಯೋಜನ ಇದೆಯಾ?

ನಿವೃತ್ತ_ಕೌಂಟರ್

ಫೋನ್‌ನಲ್ಲಿ ದೂರಿನ ನಂಬರ್ ಕೊಟ್ಟಿದ್ದರಾ? ಹಳೇ ಮೆಸೇಜ್‌ಗಳಲ್ಲಿ ಹುಡುಕಿ. ಆ ನಂಬರ್ ಇದ್ದರೆ ವರದಿ ಆದ ದಿನ ಅದೇ, ಕರೆಯ ದಾಖಲೆ ತೋರಿಸಿ ಅಂತ ಬ್ಯಾಂಕನ್ನೇ ಕೇಳಬಹುದು. ಸುತ್ತೋಲೆಗೆ ಫೋನ್ ಕೂಡ ವರದಿಯೇ. ನಾಳೆಯೇ ಬರೆದು ಕೊಡಿ, ಸೀಲ್ ಹಾಕಿಸಿಕೊಳ್ಳಿ. ಗ್ರಾಹಕರ ಆಯೋಗದ ಎರಡು ವರ್ಷ ಇನ್ನೂ ಮುಗಿದಿಲ್ಲ.

ತಿಪಟೂರು_ತೆಂಗು

ಒಂದು ಕೊನೇ ಪ್ರಶ್ನೆ. ಬಂದಿರುವ ₹16,900 ತೆಗೆಯಲು ಹೋದರೆ ಹೋಲ್ಡ್ ಅಂತ ತೋರಿಸುತ್ತಿದೆ. ಕೊಟ್ಟ ಹಾಗೂ ಆಯ್ತು, ಕೊಡದ ಹಾಗೂ ಆಯ್ತು.

ನಿವೃತ್ತ_ಕೌಂಟರ್

ತನಿಖೆ ಮುಗಿಯುವವರೆಗೆ ತಾತ್ಕಾಲಿಕ ಜಮಾ ಮೇಲೆ ಹಾಗೆ ಹೋಲ್ಡ್ ಹಾಕುವ ರೂಢಿ ಇದೆ. ಆದರೆ ನಿಮ್ಮ ವಿಷಯದಲ್ಲಿ ಬ್ಯಾಂಕು ತೀರ್ಮಾನದ ಪತ್ರವನ್ನೇ ಕೊಟ್ಟಾಗಿದೆ. ₹16,900 ತಮ್ಮ ಪಾಲು ಅಂತ ಅವರೇ ಬರೆದ ಮೇಲೆ ಹೋಲ್ಡ್ ಯಾಕೆ? ವಕೀಲರ ಪತ್ರದ ಕೆಳಗೆ ಇದನ್ನೂ ಒಂದು ಸಾಲಾಗಿ ಸೇರಿಸಿ. ಶಾಖೆಯಲ್ಲಿ ಕೊಡುವುದರ ಜೊತೆಗೆ ಇಮೇಲ್‌ನಲ್ಲೂ ಕಳಿಸಿ, ತಾರೀಕು ಉಳಿಯುತ್ತದೆ.